ನಡುವಿನ ಒಂದು ಹೆಜ್ಜೆ

ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುನೀರಿನ ಹಾದಿಯ, ಬದಿಯಲ್ಲಿ ನನ್ನ ಕ್ಯಾಮೆರಾ ನೋಡಿ ನಗದವರು ಕಡಿಮೆ. ಅಕ್ಕಪಕ್ಕ ನಿಂತವರ ಕೈಯಲ್ಲೆಲ್ಲ ಬಾಳೆದಿಂಡಿನಷ್ಟು ದಪ್ಪದ ಲೆನ್ಸುಗಳು, ಅದಕ್ಕೊಂದು ಒಂಟಿಕಾಲಿನ ಸ್ಟ್ಯಾಂಡು, ಕೆಸರು ಹಾರದಿರಲೆಂದು ದುಬಾರಿ ಹೊದಿಕೆ. ನನ್ನದು ಅಂಗಿ ಜೇಬಿನಲ್ಲಿ ಕೂರುವ ಒಂದು ಕಪ್ಪು ಡಬ್ಬಿ. ಹೊದಿಕೆಯ ಬದಲು ಪ್ಲಾಸ್ಟಿಕ್ ತೊಟ್ಟೆ, ಲೆನ್ಸಿನ ಜಾಗಕ್ಕೆ ತೂತು ಮಾಡಿ ರಬ್ಬರ್ ಬ್ಯಾಂಡ್ ಬಿಗಿದದ್ದು. ಒಮ್ಮೆ ಪಕ್ಕದಲ್ಲಿದ್ದ ಮದುವೆ ಫೋಟೋಗ್ರಾಫರೊಬ್ಬರು ತುಂಬ ಹೊತ್ತು ತಡೆದುಕೊಂಡು ಕಡೆಗೆ ಕೇಳಿಯೇಬಿಟ್ಟರು: "ಎಂತ ಮಾರಾಯ್ರೆ, ಇದರಲ್ಲಿ ಕೋಣ ಬೀಳ್ತದಾ?"

ಬೀಳುತ್ತದೆ. ಕೋಣ ಮಾತ್ರವಲ್ಲ, ಅದರ ಮೂಗಿನ ತುದಿಯಿಂದ ಕಳಚಿಕೊಂಡ ನೀರಿನ ಹನಿಯೂ ಬೀಳುತ್ತದೆ. ಆದರೆ ಎರಡೇ ಸೆಕೆಂಡಿನ ಮಟ್ಟಿಗೆ.

ಸೋನಿಯ ಆರ್‌ಎಕ್ಸ್ 100 ಮಾರ್ಕ್ 4 ಎಂಬ ಈ ಕ್ಯಾಮೆರಾ ಬಂದದ್ದು 2015ರಲ್ಲಿ. ನಾನು ಕೊಂಡದ್ದು ಅದಕ್ಕೆ ವಯಸ್ಸಾದ ಮೇಲೆ, ಇನ್ನೊಬ್ಬರ ಕೈಯಿಂದ. ಇದರಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಬೆನ್ನಿಗೇ ಮೆಮೊರಿ ಚಿಪ್ ಅಂಟಿಸಿದ್ದಾರೆ. ಚಿತ್ರಗಳನ್ನು ಕಾರ್ಡಿಗೆ ಸಾಗಿಸುವ ಮೊದಲು ಗಡಿಬಿಡಿಯಲ್ಲಿ ಅಲ್ಲೇ ಸುರಿದುಕೊಳ್ಳುತ್ತದೆ. ಹಾಗಾಗಿ ಸೆಕೆಂಡಿಗೆ 960 ಫ್ರೇಮ್, ಅಂದರೆ 960 ಬಿಡಿ ಚಿತ್ರ, ಹಿಡಿಯಲು ಸಾಧ್ಯ. ಆದರೆ ಸುರಿಯುವ ಪಾತ್ರೆ ಸಣ್ಣದು, ಎರಡು ಸೆಕೆಂಡಿಗೆ ತುಂಬಿಹೋಗುತ್ತದೆ. ಗುಣಮಟ್ಟ ಕಡಿಮೆಯಾದರೂ ಅಡ್ಡಿಯಿಲ್ಲ ಎಂದರೆ ನಾಲ್ಕು. ಆ ಎರಡು ಸೆಕೆಂಡನ್ನು ಸಿನಿಮಾದ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ 80 ಸೆಕೆಂಡು ಆಗುತ್ತದೆ. ಪಾತ್ರೆಯಲ್ಲಿದ್ದದ್ದನ್ನು ಕಾರ್ಡಿಗೆ ಬರೆದು ಮುಗಿಸುವ ತನಕ ಕ್ಯಾಮೆರಾ ಮಾತಾಡುವುದಿಲ್ಲ, ಕಲ್ಲಿನ ಹಾಗೆ ಕೂತಿರುತ್ತದೆ. ಅಷ್ಟರಲ್ಲಿ ಮುಂದಿನ ಜೋಡಿ ಕೋಣ ಓಡಿ ಕರೆಯ ಕೊನೆಯ ದಿಬ್ಬವಾದ ಮಂಜೊಟ್ಟಿ ಹತ್ತಿಯಾಗಿರುತ್ತದೆ. ನಾನು ತೆಗೆಯದೆ ಬಿಟ್ಟ ಒಳ್ಳೆಯ ಓಟಗಳ ಲೆಕ್ಕ ತೆಗೆದಂಥವುಗಳ ಹತ್ತು ಪಟ್ಟು ಆದೀತು.

ಈ ಕ್ಯಾಮೆರಾದಲ್ಲಿ ನನಗೆ ಇವತ್ತಿಗೂ ಆಶ್ಚರ್ಯ ಅನಿಸುವ ಒಂದು ವ್ಯವಸ್ಥೆ ಉಂಟು. ಬಟನ್ನನ್ನು ಘಟನೆಗೆ ಮೊದಲು ಒತ್ತಬಹುದು, ಆದ ಮೇಲೂ ಒತ್ತಬಹುದು. ಎರಡನೆಯದನ್ನು ಆರಿಸಿಕೊಂಡರೆ ಕ್ಯಾಮೆರಾ ಸುಮ್ಮನೆ ನೋಡುತ್ತಾ, ನೆನಪಿಟ್ಟುಕೊಳ್ಳುತ್ತಾ, ಹಳೆಯದನ್ನು ಮರೆಯುತ್ತಾ ಇರುತ್ತದೆ. ನಾವು ಬಟನ್ ಒತ್ತಿದ ಕ್ಷಣಕ್ಕೆ ಹಿಂದಿನ ಎರಡು ಸೆಕೆಂಡನ್ನು ಮಾತ್ರ ಉಳಿಸಿಕೊಡುತ್ತದೆ. ಕಂಬಳಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಓಟ ಶುರುವಾಗುವ ಜಾಗವಾದ ಗಂತನ್ನು ಕೋಣಗಳು ಬಿಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಕೋಣಗಳಿಗೂ ಗೊತ್ತಿರುವುದಿಲ್ಲ. ಹತ್ತು ಜನ ಹಿಡಿದು ನಿಲ್ಲಿಸುತ್ತಾರೆ, ಒಂದು ಕೋಣ ತಿರುಗಿ ನಿಲ್ಲುತ್ತದೆ, ಮೈಕಿನಲ್ಲಿ ವಿವರಣೆ ಕೊಡುವವರು ಬೇಡಿಕೊಳ್ಳುತ್ತಾರೆ, ಬಯ್ಯುತ್ತಾರೆ, ಯಜಮಾನರ ಹೆಸರು ಹಿಡಿದು ಕರೆಯುತ್ತಾರೆ. ಇಪ್ಪತ್ತು ನಿಮಿಷ ಏನೂ ಇಲ್ಲ, ಆಮೇಲೆ ಹದಿಮೂರು ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಆಗಿಹೋದ ಮೇಲೆ ಒತ್ತಿದರೆ ಸಾಕು ಎನ್ನುವ ಯಂತ್ರವೊಂದು ಜೀವನದಲ್ಲಿ ಬೇರೆ ಎಲ್ಲೂ ನನಗೆ ಸಿಕ್ಕಿಲ್ಲ.

ಇದಕ್ಕೆ ಮೊದಲು ನನ್ನ ಹತ್ತಿರ ಇದ್ದದ್ದು ಕ್ಯಾಸಿಯೋ. ದುಬೈಯಲ್ಲಿದ್ದ ದೊಡ್ಡಮ್ಮನ ಮಗ 2010ರಲ್ಲಿ ರಜೆಗೆ ಬಂದಾಗ ತಂದುಕೊಟ್ಟ ಎಕ್ಸಿಲಿಮ್ ಎಫ್‌ಸಿ 100. ಆ ಕಾಲದಲ್ಲಿ ಸ್ಲೋ ಮೋಷನ್ ಎಂದರೆ ಟಿವಿಯಲ್ಲಿ ಕ್ರಿಕೆಟ್ ಬ್ಯಾಟಿನ ಅಂಚು ತಾಗಿತೋ ಇಲ್ಲವೋ ಎಂದು ತೋರಿಸುವುದು, ಇಲ್ಲವೇ ಸಿನಿಮಾದಲ್ಲಿ ಹೀರೋ ಜೀಪಿನಿಂದ ಇಳಿಯುವುದು. ನಮ್ಮಂಥವರ ಕೈಗೆ ಅದನ್ನು ಕೊಟ್ಟವರಲ್ಲಿ ಕ್ಯಾಸಿಯೋದವರು ಮೊದಲಿಗರ ಸಾಲಿನವರು. ಸೆಕೆಂಡಿಗೆ 210 ಫ್ರೇಮ್ ಹಿಡಿದರೆ ಚಿತ್ರ 480ಕ್ಕೆ 360 ಚುಕ್ಕಿಗಳದ್ದು, ಇಂದಿನ ಫೋನಿನಲ್ಲಿ ನೋಡಿದರೆ ಅಂಚೆಚೀಟಿ. 1000 ಫ್ರೇಮಿಗೆ ಹೋದರೆ 224ಕ್ಕೆ 64, ಅಂದರೆ ಬೀಡಿ ಕಟ್ಟಿಗೆ ಸುತ್ತುವ ಲೇಬಲಿನಂಥ ಒಂದು ಪಟ್ಟಿ. ಆ ಪಟ್ಟಿಯೊಳಗೆ ಏನು ಹಿಡಿಯುವುದೆಂದೇ ತಿಳಿಯದೆ ಮನೆಯ ನಾಯಿ ಮೈ ಕೊಡವುವುದನ್ನು ಹಿಡಿದೆ. ಬಾವಿಕಟ್ಟೆಯ ಮೇಲೆ ಕೊಡ ಉರುಳಿ ನೀರು ಚೆಲ್ಲುವುದನ್ನು ಹಿಡಿದೆ. ಶಾಲೆಯ ಬಯಲಿನಲ್ಲಿ ಮಕ್ಕಳು ಲಗೋರಿ ಆಡುವಾಗ ಚೆಂಡು ತಾಗಿದ ಮೇಲೆ ಏಳೂ ಕಲ್ಲು ಒಟ್ಟಿಗೆ ಬೀಳುವುದಿಲ್ಲ, ಕೆಳಗಿನ ಎರಡು ತಮಗೇನೂ ಸಂಬಂಧವಿಲ್ಲದ ಹಾಗೆ ಸುಮ್ಮನೆ ಕೂತಿರುತ್ತವೆ, ಮೇಲಿನ ಐದು ಗಾಳಿಯಲ್ಲಿ ಬೇರೆ ಬೇರೆಯಾಗಿ ದಾರಿ ಹಿಡಿಯುತ್ತವೆ ಎಂದು ನೋಡಿದ ದಿನ ನನಗೆ ಹುಚ್ಚು ಹಿಡಿಯಿತು.

ಆಗಲೇ ಅಮ್ಮ ಒಂದು ಪ್ರಶ್ನೆ ಕೇಳಿದ್ದರು: "ಇದಕ್ಕೆ ಸ್ವರ ಇಲ್ವಾ?" ಇಲ್ಲ. ಕ್ಯಾಸಿಯೋದಲ್ಲೂ ಇರಲಿಲ್ಲ, ಸೋನಿಯಲ್ಲೂ ಈ ವೇಗದಲ್ಲಿ ಶಬ್ದ ದಾಖಲಾಗುವುದಿಲ್ಲ. ಕಂಬಳದ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಕಂಬಳ ಅರ್ಧ ಕಿವಿಯದ್ದು. ವಾದ್ಯ, ಮೈಕು, ಗದ್ದೆಯಾಚೆ ಐಸ್‌ಕ್ರೀಮಿನವನ ಗಂಟೆ, ಕೋಣಗಳು ಹತ್ತಿರ ಬಂದಾಗ ಹೊಟ್ಟೆಯೊಳಗೆ ಕೇಳಿಸುವ ದಡದಡ, ಓಡಿಸುವವನ ಗಂಟಲಿನಿಂದ ಬರುವ ಆ ಒಂದು ಕೂಗು. ಅದೆಲ್ಲ ಹೋಗಿ ಉಳಿಯುವುದು ಮೂಕ ಚಿತ್ರ. ಇಂಥ ಚಿತ್ರಗಳಿಗೆ ಸಿನಿಮಾ ಹಾಡು ಅಂಟಿಸುವುದು ಈಗಿನ ರೂಢಿ. ನಾನು ಅಂಟಿಸುವುದಿಲ್ಲ. ಇಲ್ಲದ ಸ್ವರ ಇಲ್ಲದ ಹಾಗೇ ಇರಲಿ.

ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಯಾಕೆ ಇಷ್ಟು ಫ್ರೇಮ್ ಬೇಕು ಎಂದು ಕೇಳುವವರಿದ್ದಾರೆ. ಒಳ್ಳೆಯ ಜೋಡಿಯ ವೇಗ ಸೆಕೆಂಡಿಗೆ ಹತ್ತು ಮೀಟರಿಗೆ ಸ್ವಲ್ಪ ಮೇಲೆ. ಮಾಮೂಲಿ ವಿಡಿಯೋದಲ್ಲಿ, ಸೆಕೆಂಡಿಗೆ 25 ಫ್ರೇಮಿನಲ್ಲಿ, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕೋಣ ಹೆಚ್ಚುಕಡಿಮೆ ಎರಡು ಗೇಣು ಮುಂದೆ ಹೋಗಿರುತ್ತದೆ. ಆ ಎರಡು ಗೇಣಿನ ನಡುವೆ ಏನಾಯಿತೆಂದು ಕ್ಯಾಮೆರಾಕ್ಕೆ ಗೊತ್ತಿಲ್ಲ. 960 ಫ್ರೇಮಿನಲ್ಲಿ ಅದೇ ಕೋಣ ಫ್ರೇಮಿನಿಂದ ಫ್ರೇಮಿಗೆ ದಾಟುವುದು ಕಿರುಬೆರಳಿನ ಅಗಲ ಮಾತ್ರ. ಅಷ್ಟರಲ್ಲಿ ಅಡಗಲು ಯಾರಿಗೂ ಜಾಗ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆ ಬೆಳಕು. ಒಂದೊಂದು ಫ್ರೇಮಿಗೆ ಸಿಗುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಸಾಮಾನ್ಯ ವಿಡಿಯೋಗೆ ಸಿಗುವ ಬೆಳಕಿನ ಇಪ್ಪತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಹಾಗಾಗಿ ನನಗೆ ಬೇಕಾದದ್ದು ಮಧ್ಯಾಹ್ನದ ಕಟುಬಿಸಿಲು. ಬೇರೆ ಫೋಟೋಗ್ರಾಫರುಗಳು ಸಂಜೆಯ ಹೊನ್ನಬೆಳಕಿಗೆ ಕಾದು ಕೂತಿರುತ್ತಾರೆ, ನಾನು ಊಟದ ಹೊತ್ತಿಗೆ ಒಬ್ಬನೇ ಕರೆಯ ಬದಿಯಲ್ಲಿ ಬೇಯುತ್ತಿರುತ್ತೇನೆ. ಹಾಗೆಂದು ಕಂಬಳ ಹಗಲಿಗೆ ಮುಗಿಯುವುದಿಲ್ಲವಲ್ಲ. ಬೆಳಿಗ್ಗೆ ಶುರುವಾದದ್ದು ರಾತ್ರಿಯಿಡೀ ನಡೆದು ಮರುದಿನದ ತನಕ ಎಳೆಯುತ್ತದೆ, ಫೈನಲ್ ಓಟಗಳು ಹೆಚ್ಚಾಗಿ ಇಬ್ಬನಿಯಲ್ಲೇ. ಒಂದು ರಾತ್ರಿ ಆಸೆ ತಡೆಯದೆ ಹೊನಲು ಬೆಳಕಿನಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಇಡೀ ಗದ್ದೆ ಉಸಿರಾಡುತ್ತಿದೆ! ಬೆಳಗುತ್ತದೆ, ಮಸುಕಾಗುತ್ತದೆ, ಮತ್ತೆ ಬೆಳಗುತ್ತದೆ. ನಮ್ಮ ಕರೆಂಟು 50 ಹರ್ಟ್ಸಿನದ್ದು. ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ನಲವತ್ತು ಪಟ್ಟು ನಿಧಾನ ಮಾಡಿದಾಗ ಸೆಕೆಂಡಿಗೆ ಎರಡೂವರೆ ಸಲ ಕಾಣುತ್ತದೆ. ಕೋಣಗಳ ಬೆನ್ನ ಮೇಲಿನ ಎಣ್ಣೆಯ ಹೊಳಪು ಹೊತ್ತಿ ಆರುವ ಆ ತುಣುಕು ತಾಂತ್ರಿಕವಾಗಿ ಪೂರ್ತಿ ಹಾಳು. ಅಳಿಸಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ಫೋಕಸ್ ಮೊದಲೇ ಕಟ್ಟಿಡಬೇಕು. ಒಮ್ಮೆ ಕಾಯುವ ಸ್ಥಿತಿಗೆ ಹೋದ ಮೇಲೆ ಕ್ಯಾಮೆರಾ ಫೋಕಸನ್ನೂ ಬೆಳಕನ್ನೂ ಬದಲಿಸುವುದಿಲ್ಲ. ಲೆನ್ಸು ಎಷ್ಟು ಎಳೆದರೂ 70 ಮಿಲಿಮೀಟರಿಗೆ ನಿಲ್ಲುತ್ತದೆ, ದೂರದ್ದನ್ನು ಹತ್ತಿರ ತರುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನಾವೇ ಹತ್ತಿರ ಹೋಗಬೇಕು, ಕರೆಯ ದಂಡೆಗೆ ಅಡ್ಡಲಾಗಿ ಕುಕ್ಕರುಗಾಲಲ್ಲಿ ಕೂರಬೇಕು. ಕೋಣಗಳ ಹಿಂದೆ ಕ್ಯಾಮೆರಾ ತಿರುಗಿಸುತ್ತ ಹೋಗುವುದು ನನ್ನ ಅನುಭವದಲ್ಲಿ ವ್ಯರ್ಥ. ಚೌಕಟ್ಟು ಅಲ್ಲಾಡದೆ ನಿಂತಿರಲಿ, ಕೋಣಗಳೇ ಬಂದು ದಾಟಿ ಹೋಗಲಿ. ದಾಟಲು ಅವಕ್ಕೆ ಬೇಕಾಗುವುದು ಒಂದೂಕಾಲು ಸೆಕೆಂಡು. ಉಳಿದ ಮುಕ್ಕಾಲು ಸೆಕೆಂಡಿನಲ್ಲಿ ಖಾಲಿ ಕರೆ, ಮುರಿದು ಬೀಳುತ್ತಿರುವ ನೀರು. ನನಗೆ ಆ ಮುಕ್ಕಾಲು ಸೆಕೆಂಡಿನ ಮೇಲೂ ಆಸೆ.

ನೀರಿನ ವಿಷಯಕ್ಕೇ ಬರುತ್ತೇನೆ. ಕಂಬಳದಲ್ಲಿ ಕೋಣಗಳ ಹಿಂದೆ ಏನು ಕಟ್ಟುತ್ತಾರೆಂಬುದರ ಮೇಲೆ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂದು ಬೇರೆ. ಇವುಗಳಲ್ಲಿ ಕನೆಹಲಗೆಯೊಂದು ಓಟದ ಸ್ಪರ್ಧೆಯಲ್ಲ, ಎತ್ತರದ ಸ್ಪರ್ಧೆ. ಓಡಿಸುವವನು ತೂತುಗಳಿರುವ ಹಲಗೆಯ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಕೋಣಗಳು ಎಳೆದಾಗ ಕರೆಯ ನೀರು ಆ ತೂತುಗಳಿಂದ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಕಟ್ಟಿದ ಬಿಳಿ ಬಟ್ಟೆಯ ನಿಶಾನೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರ ಹೇಳುತ್ತಾರೆ.

ನನ್ನ ಸೋದರಮಾವ ಒಂದು ಕಾಲದಲ್ಲಿ ಊರಿನ ಸಣ್ಣ ಕಂಬಳದಲ್ಲಿ ನಿಶಾನೆ ನೋಡಲು ಕೂರುತ್ತಿದ್ದವರು. ಈಗ ಎಪ್ಪತ್ತು ದಾಟಿದೆ. ಅವರದ್ದೇ ಕೋಣಗಳು ಈಗಿಲ್ಲ. ಪಕ್ಕದ ಮನೆಯವರ ಜೋಡಿಯ ಆರೈಕೆಗೆ ದಿನಕ್ಕೆರಡು ಸಲ ಹೋಗುತ್ತಾರೆ, ಸಂಬಳಕ್ಕಲ್ಲ. ಕನೆಹಲಗೆಯ ನನ್ನ ಮೊದಲ ಒಳ್ಳೆಯ ತುಣುಕನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದು ಅವರಿಗೆ. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ನೀರು ಹಲಗೆಯ ತೂತಿನಿಂದ ಎರಡು ಕಂಬಗಳಾಗಿ ಏಳುತ್ತದೆ. ಬುಡದಲ್ಲಿ ಕೆಸರು ಬಣ್ಣ, ಗಟ್ಟಿ. ಅರ್ಧ ಏರಿದ ಮೇಲೆ ಕಂಬ ನಾರುನಾರಾಗುತ್ತದೆ, ಅಡಿಕೆ ಹಾಳೆಯನ್ನು ಸೀಳಿದ ಹಾಗೆ. ತುದಿಗೆ ಹೋಗುವಷ್ಟರಲ್ಲಿ ಕಂಬವೇ ಇಲ್ಲ, ಬಿಡಿಬಿಡಿ ಹನಿಗಳು, ಒಂದೊಂದೂ ನಡುಗುತ್ತಾ ಗುಂಡಗಾಗಲು ನೋಡುತ್ತಾ ಮೇಲೆ ಹೋಗುತ್ತವೆ. ನಿಶಾನೆಗೆ ತಾಗಿದ್ದು ಕಂಬವಲ್ಲ, ಹತ್ತೋ ಹದಿನೈದೋ ಹನಿ. ಆ ಹೊತ್ತಿಗೆ ಕೋಣಗಳು ಚೌಕಟ್ಟು ದಾಟಿ ಹೋಗಿಯೇ ಆಗಿದೆ. ಐದು ಮೀಟರ್ ಮೇಲೇರುವ ನೀರಿಗೆ ಏರಲು ಒಂದು ಸೆಕೆಂಡು ಬೇಕು, ಇಳಿಯಲು ಇನ್ನೊಂದು. ಕೋಣಗಳು ಯಾಕೆ ಕಾಯುತ್ತವೆ? ಜನ ಕೂಗುವುದು ತಾಗಿದ ನೀರಿಗೆ, ಹಲಗೆಯವನಿಗೆ ಅದು ಕೇಳುವುದು ಎಷ್ಟೋ ಮುಂದೆ ಹೋದ ಮೇಲೆ.

"ಮಾವ, ಇದು ತಾಗಿದ್ದು ಅಂತ ಲೆಕ್ಕವಾ?" ಎಂದು ಕೇಳಿದೆ. ಹನಿ ತಾಗಿದರೆ ನೀರು ತಾಗಿದಂತೆಯಾ ಎನ್ನುವುದು ನನ್ನ ತಲೆಯಲ್ಲಿದ್ದ ಘನಗಂಭೀರ ಪ್ರಶ್ನೆ.

"ಬಟ್ಟೆ ಒದ್ದೆಯಾಯ್ತಲ್ಲ. ಮತ್ತೆಂತ? ನಿನಗೆ ಕ್ಯಾಮೆರಾ ಬೇಕು, ನಮಗೆ ಬಟ್ಟೆ ಸಾಕಿತ್ತು."

"ಮೊದಲಿನ ಜೋಡಿ ಒದ್ದೆ ಮಾಡಿ ಹೋದ ಬಟ್ಟೆಯಲ್ಲಿ ಎರಡನೇ ಜೋಡಿಯದ್ದು ಹೇಗೆ ಗೊತ್ತಾಗ್ತಿತ್ತು?"

"ಅದಕ್ಕೇ ಅಲ್ವಾ ಕಣ್ಣು ಇರುವುದು!"

ಎರಡನೇ ಸಲ ನೋಡುವಾಗ ಅವರು ನೀರು ನೋಡಲೇ ಇಲ್ಲ. ಬೆರಳನ್ನು ತೆರೆಯ ಕೆಳಗಿನ ಮೂಲೆಗೆ ತಂದರು. ಎಡದ ಕೋಣದ ಕಿವಿ. ನಾನು ಹತ್ತಾರು ಸಲ ನೋಡಿದ್ದೆ, ಕಿವಿ ಕಂಡಿರಲಿಲ್ಲ. ಬಲದ ಕೋಣದ ಕಿವಿ ಹಿಂದಕ್ಕೆ ಒರಗಿತ್ತು, ಎಡದ್ದರದು ಹಲಗೆಯ ಕಡೆಗೆ ತಿರುಗಿ ನಿಂತಿತ್ತು. "ಇದಕ್ಕೆ ಇನ್ನೂ ಅಭ್ಯಾಸ ಆಗಿಲ್ಲ. ಹಿಂದೆ ಎಂತದು ಬರ್ತಾ ಉಂಟು ಅಂತ ಕೇಳ್ತಾ ಉಂಟು" ಎಂದರು. ಕ್ಯಾಮೆರಾ ನನ್ನದು, 80 ಸೆಕೆಂಡು ನನ್ನದು, ನೋಡಿದವರು ಅವರು.

ಸ್ಲೋ ಮೋಷನ್ನಿನಲ್ಲಿ ಒಂದು ಮೋಸ ಉಂಟು, ಅದನ್ನು ಒಪ್ಪಿಕೊಳ್ಳಬೇಕು. ನಿಧಾನವಾದದ್ದೆಲ್ಲ ನಮ್ಮ ಕಣ್ಣಿಗೆ ದೊಡ್ಡದಾಗಿ, ಭಾರವಾಗಿ ಕಾಣುತ್ತದೆ. ಸಿನಿಮಾದವರು ಆಟಿಕೆಯಷ್ಟು ಸಣ್ಣ ಹಡಗು ಮುಳುಗಿಸುವಾಗ ಹೆಚ್ಚು ಫ್ರೇಮಿನಲ್ಲಿ ತೆಗೆಯುವುದು ಇದಕ್ಕೇ. ನೀರು ನಿಧಾನವಾಗಿ ಬಿದ್ದರೆ ಹಡಗು ತಾನಾಗಿಯೇ ದೊಡ್ಡದಾಗುತ್ತದೆ. ನನ್ನ ತುಣುಕಿನಲ್ಲಿ ಕೋಣ ಗುಡ್ಡದಷ್ಟಾಗುತ್ತದೆ, ಓಡಿಸುವವನು ಪುರಾಣದಿಂದ ಎದ್ದು ಬಂದವನಾಗುತ್ತಾನೆ. ಅವನ ಮುಖದ ನೋವು ಕೂಡ ಗಾಂಭೀರ್ಯದ ಹಾಗೆ ಕಾಣುತ್ತದೆ. ಕರೆಯ ಬದಿಯಲ್ಲಿ ಕೂತು ಬರಿಗಣ್ಣಿಂದ ನೋಡಿದಾಗ ಕಾಣುವುದು ಇದಲ್ಲ. ಅಲ್ಲಿ ಕಾಣುವುದು ಗಡಿಬಿಡಿ, ಕೆಸರು, ಹಗ್ಗ ಬಿಟ್ಟರೆ ಮುಖ ಅಡಿಯಾಗಿ ಬೀಳುವೆನೆಂಬ ಭಯ.

2020ರ ಫೆಬ್ರವರಿಯ ಗಲಾಟೆ ಎಲ್ಲರಿಗೂ ನೆನಪಿರಬೇಕು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದರು, ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ 9.58ರ ಪಕ್ಕ ಇಟ್ಟರು, ಎರಡು ದಿನದಲ್ಲಿ ದೇಶವೆಲ್ಲ ಕಂಬಳದ ಬಗ್ಗೆ ಮಾತಾಡಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಓಟ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಓಟ, ಎರಡೂ ಬೇರೆ ಎಂಬ ಅರ್ಥದಲ್ಲಿ ಹೇಳಿದರು. ಅಷ್ಟೆಲ್ಲ ಸದ್ದಿನ ನಡುವೆ ವಿವೇಕದ ಮಾತಾಡಿದ್ದು ಓಡಿದವರೊಬ್ಬರೇ ಎಂದು ನನಗೆ ಆಗಲೂ ಅನಿಸಿತ್ತು.

ಹಿಮ್ಮಡಿಯ ಆ ಮಾತನ್ನು ನಾನು ಪರೀಕ್ಷಿಸಲು ಹೋದೆ. ಅವರ ಓಟ ನನ್ನಲ್ಲಿ ಇರಲಿಲ್ಲ. ಬೇರೆ ಓಟಗಾರರ ಹಗ್ಗ, ನೇಗಿಲಿನ ತುಣುಕುಗಳನ್ನು ಒಂದೊಂದೇ ಫ್ರೇಮ್ ತಳ್ಳುತ್ತ ನೋಡಿದೆ. ಕಾಲು ನೀರಿಗೆ ಇಳಿಯುವಾಗ ಪಾದ ಮೇಲಕ್ಕೆ ಮಡಚಿಕೊಂಡಿರುತ್ತದೆ, ಮೊದಲು ಮುಳುಗುವುದು ಹಿಮ್ಮಡಿಯೇ. ಮೈ ಹಿಂದಕ್ಕೆ ವಾಲಿದೆ. ಟ್ರ್ಯಾಕಿನ ಓಟಗಾರನ ಮೈ ಎಲ್ಲಿಯೂ ಹೀಗೆ ವಾಲುವುದಿಲ್ಲ, ವಾಲಿದರೆ ಸೋತ. ಇಲ್ಲಿ ವಾಲಬಹುದು, ಏಕೆಂದರೆ ಮುಂದೆ ಎರಡು ಕೋಣ ಕೈಯನ್ನು ಎಳೆದು ಹಿಡಿದಿವೆ. ತೋಳಿನ ಸ್ನಾಯು ಓಟದುದ್ದಕ್ಕೂ ಸೆಟೆದ ಹಗ್ಗದ ಹಾಗೆ. ಪ್ರತಿ ಹೆಜ್ಜೆಯಲ್ಲೂ ಅವನನ್ನು ಸ್ವಲ್ಪ ಎತ್ತಿ ಮುಂದೆ ಇಡಲಾಗುತ್ತದೆ. ಅವನು ಓಡುತ್ತಿದ್ದಾನೆ ಎನ್ನುವುದು ಎಷ್ಟು ನಿಜವೋ ಬೀಳದೆ ಇರುತ್ತಿದ್ದಾನೆ ಎನ್ನುವುದೂ ಅಷ್ಟೇ ನಿಜ. ಬೋಲ್ಟ್ ಜೊತೆಗೆ ಹೋಲಿಸಿದ್ದರಿಂದ ನಮಗೆ ಹೆಮ್ಮೆಯೇನೋ ಸಿಕ್ಕಿತು, ಆದರೆ ಕೋಣಗಳ ಹೆಸರು ಯಾರೂ ಕೇಳಲಿಲ್ಲ.

ಕೋಣದ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂದೂ ಹುಡುಕಿದೆ. ಕುದುರೆಯ ಬಗ್ಗೆ ಇದೇ ಪ್ರಶ್ನೆಗೆ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಉತ್ತರ ಕೊಟ್ಟಿದ್ದ: ಬಿಡುತ್ತವೆ, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ. ನನಗೆ ಉತ್ತರ ಸಿಗಲಿಲ್ಲ. ಮೈಬ್ರಿಜ್‌ನ ಕುದುರೆ ಒಣ ನೆಲದಲ್ಲಿ ಓಡಿತ್ತು. ನಮ್ಮ ಕೋಣದ ಕಾಲನ್ನು, ಯಾವ ಕ್ಷಣದಲ್ಲಿ ನೋಡಬೇಕೋ ಅದೇ ಕ್ಷಣದಲ್ಲಿ, ನೀರು ಎದ್ದು ಮುಚ್ಚಿಬಿಡುತ್ತದೆ.

ಇನ್ನು ಹೇಳದೆ ಉಳಿದ ತುಣುಕು. ನೇಗಿಲು ವಿಭಾಗದ್ದು, ಮಧ್ಯಾಹ್ನ ಒಂದೂವರೆಯ ಬಿಸಿಲು, ಗಾಳಿ ಇಲ್ಲ. ನಾನು ತೆಗೆದದ್ದರಲ್ಲೆಲ್ಲ ಚಂದದ್ದು ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಕೋಣಗಳೆರಡೂ ಒಂದೇ ಲಯದಲ್ಲಿ ಏಳುತ್ತಿವೆ, ನೀರು ಎರಡೂ ಬದಿಗೆ ರೆಕ್ಕೆಯ ಹಾಗೆ ಬಿಚ್ಚಿಕೊಂಡಿದೆ, ಓಡಿಸುವವನ ತಲೆಗೆ ಕಟ್ಟಿದ ಬಟ್ಟೆಯ ತುದಿ ಓಟದ ಗಾಳಿಯಲ್ಲಿ ಅಲೆಯಾಗಿ ನಿಂತಿದೆ. ಚೌಕಟ್ಟಿನ ನಡುವೆ ಬಂದಾಗ ಅವನ ಬಲಗೈ ಮೇಲೆದ್ದು ಬೆತ್ತ ಇಳಿಯುತ್ತದೆ.

ಬರಿಗಣ್ಣಿಗೆ ಬೆತ್ತ ಎಂದರೆ ಒಂದು ಗೆರೆ, ಒಂದು ಸದ್ದು. ಸದ್ದೂ ಮೈಕಿನಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಬೆತ್ತ ಇಳಿಯುವುದು ನಿಧಾನಕ್ಕೆ, ನಡುವೆ ಬಾಗುತ್ತಾ, ತುದಿ ಹಿಂದೆ ಉಳಿಯುತ್ತಾ. ಬಲದ ಕೋಣದ ಬೆನ್ನ ಕೆಳಗೆ ತಾಗುತ್ತದೆ. ತಾಗಿದಲ್ಲಿಂದ ಚರ್ಮದಲ್ಲಿ ಒಂದು ಅಲೆ ಏಳುತ್ತದೆ, ಕೆರೆಗೆ ಕಲ್ಲು ಬಿದ್ದಂತೆ. ಹೊಟ್ಟೆಯ ಕಡೆಗೆ ಒಂದು, ಬಾಲದ ಕಡೆಗೆ ಒಂದು. ಎಣ್ಣೆ ಹಚ್ಚಿದ ಮೈ, ಬಿಸಿಲು ಬೇರೆ, ಅಲೆಯ ಅಂಚು ಹೊಳೆಯುತ್ತದೆ. ಎಣಿಸಿದೆ: ಅಲೆ ಅಡಗಲು 80 ಫ್ರೇಮ್. ನಿಜದ ಲೆಕ್ಕದಲ್ಲಿ ಸೆಕೆಂಡಿನ ಹನ್ನೆರಡನೇ ಒಂದು ಪಾಲು, ತೆರೆಯ ಮೇಲೆ ಮೂರು ಸೆಕೆಂಡಿಗೂ ಹೆಚ್ಚು. ಹೇಳಲು ಸಂಕಟವಾಗುತ್ತದೆ, ಅದೂ ಚಂದವೇ ಇತ್ತು.

ನಾನು ಕಂಬಳದ ಪರ. ಇದನ್ನು ಮುಚ್ಚಿಡುವುದಿಲ್ಲ. ಜಲ್ಲಿಕಟ್ಟಿನಂಥ ಪ್ರಾಣಿ ಸ್ಪರ್ಧೆಗಳಿಗೆ ತಡೆ ಹಾಕಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರದ ವರ್ಷಗಳಲ್ಲಿ ಕರೆಗಳು ಖಾಲಿ ಬಿದ್ದಾಗ ನಮ್ಮ ಕಡೆ ಒಂದು ಥರದ ಸೂತಕ ಇತ್ತು. 2017ರಲ್ಲಿ ರಾಜ್ಯ ಶಾಸನಸಭೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಕೊಟ್ಟಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದ ದಿನ ಮಾವನಿಗೆ ಫೋನ್ ಮಾಡಿದ್ದೆ. ಕೋಣಗಳನ್ನು ಹಿಂಸಿಸಬಾರದೆಂಬ ಷರತ್ತು ಆ ಅನುಮತಿಯೊಳಗೇ ಇದೆ. ಬೆತ್ತ ಈಗ ಮೊದಲಿನಂತಿಲ್ಲ ಎಂದು ಹೇಳುವವರಲ್ಲಿ ಸುಳ್ಳಿಲ್ಲ, ನಾನೇ ನೋಡಿದ್ದೇನೆ. ಆದರೆ ನನ್ನ ಕಾರ್ಡಿನಲ್ಲಿ 80 ಫ್ರೇಮ್ ಇತ್ತು.

ತುಣುಕನ್ನು ಹಾಕುವ ದಿನ ನಾನು ಮಾಡಿದ್ದು ಇಷ್ಟು. ಕೈ ಏಳುವುದಕ್ಕಿಂತ ಮೊದಲು ಕತ್ತರಿಸಿದೆ. ಚರ್ಮ ನಿಶ್ಚಲವಾದ ಮೇಲಿನಿಂದ ಮತ್ತೆ ಶುರು ಮಾಡಿದೆ. ಹೋದದ್ದು ತೆರೆಯ ಮೇಲಿನ ಒಂಬತ್ತು ಸೆಕೆಂಡು, ನಿಜದಲ್ಲಿ ಕಾಲು ಸೆಕೆಂಡಿಗೂ ಕಡಿಮೆ. ಹಾಗೇ ಜೋಡಿಸಿದರೆ ಕೋಣಗಳು ಹಾರಿದಂತೆ ಕಾಣುತ್ತಿತ್ತು, ಅದಕ್ಕೆ ನಡುವೆ ದಂಡೆಯ ಮೇಲೆ ಬಾಯಿ ತೆರೆದು ಕೂಗುತ್ತಿರುವ ಜನರ ಒಂದು ತುಣುಕು ತುರುಕಿದೆ. ಮದುವೆ ವಿಡಿಯೋದವರು ಅಳುವ ಅತ್ತೆಯನ್ನು ತೆಗೆದು ದೀಪದ ಕಂಬ ತೋರಿಸುತ್ತಾರಲ್ಲ, ಅದೇ ಕಸುಬು. ತುಂಬ ಜನ ನೋಡಿದರು. ಯಾರಿಗೂ ಗೊತ್ತಾಗಲಿಲ್ಲ. ನಾನೂ ಮರೆತೆ ಎಂದುಕೊಂಡಿದ್ದೆ.

ಮುಂದಿನ ಸಲ ಊರಿಗೆ ಹೋದಾಗ ಮಾವ ಜಗಲಿಯಲ್ಲಿ ಕೂತು ಮೊಮ್ಮಗಳ ಫೋನಿನಲ್ಲಿ ಅದನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಮತ್ತೆ ಹಾಕಿಸಿಕೊಂಡರು. ಮೂರನೇ ಸಲ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದರು.

"ನಡುವೆ ಜನರನ್ನು ಯಾಕೆ ತಂದೆ?"

"ಹಾಗೇ ಮಾವ. ಕೋಣವನ್ನೇ ನೋಡಿ ನೋಡಿ ಬೇಸರ ಬರ್ತದಲ್ಲ, ಅದಕ್ಕೆ."

"ಜನರ ಮೊದಲು ಇವನ ಎಡಗಾಲು ನೀರಲ್ಲುಂಟು. ಜನ ಆದ ಮೇಲೂ ನೀರಲ್ಲಿರುವುದು ಎಡಗಾಲೇ. ಬಲಗಾಲು ಎಲ್ಲಿ ಹೋಯ್ತು?"

ನಾನು ಸುಮ್ಮನಿದ್ದೆ.

"ಒಂದು ಹೆಜ್ಜೆ ತೆಗೆದಿದ್ದಿ ನೀನು."

ಲ್ಯಾಪ್‌ಟಾಪ್ ತಂದು ಪೂರ್ತಿ ತುಣುಕು ಹಾಕಿದೆ. ಅವರು ಏನೂ ಹೇಳದೆ ನೋಡಿದರು. ಕೈ ಎದ್ದಿತು, ಬೆತ್ತ ಬಾಗಿತು, ತಾಗಿತು, ಅಲೆ ಎದ್ದಿತು. ನಿಲ್ಲಿಸು ಎಂದು ಕೈ ತೋರಿಸಿದರು. ನಿಂತ ಚಿತ್ರದಲ್ಲಿ ಅಲೆ ಹೊಟ್ಟೆಯ ಅರ್ಧಕ್ಕೆ ಬಂದಿತ್ತು. ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡು ಹತ್ತಿರ ಬಾಗಿದರು.

"ಇದು ಜೋರಾದ ಪೆಟ್ಟಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಿಂದೆ ಹೋಗ್ತದಾ ಇದು?" ಎಂದರು.

ಹಿಂದೆ ತಂದೆ. ಅಲೆ ಮುದುಡಿಕೊಂಡು ಬೆತ್ತದ ತುದಿಗೆ ಸೇರಿತು, ಬೆತ್ತ ಮೇಲೆ ಹೋಯಿತು, ಕೈ ಇಳಿಯಿತು. ಮತ್ತೆ ಮುಂದೆ ಬಿಟ್ಟೆ. ಹೀಗೆ ಎಷ್ಟು ಸಲ ಮಾಡಿಸಿದರೋ ಲೆಕ್ಕ ತಪ್ಪಿತು. ಕಡೆಯ ಸಲ ಅವರು ನೋಡುತ್ತಿದ್ದದ್ದು ಬೆನ್ನನ್ನಲ್ಲ, ಕಿವಿಯನ್ನು. ಬೆತ್ತ ತಾಗುವುದಕ್ಕೂ ಮೊದಲೇ, ಕೈ ಇನ್ನೂ ಮೇಲೇಳುತ್ತಿರುವಾಗಲೇ, ಬಲದ ಕೋಣದ ಕಿವಿ ಆ ಕಡೆಗೆ ತಿರುಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹಟ್ಟಿಯಿಂದ ಕೋಣವೊಂದು ಒಮ್ಮೆ ಕೂಗಿತು. ಮಾವ ಗೋಡೆಯ ಗಡಿಯಾರ ನೋಡಿದರು.

"ಹುರುಳಿ ಬೇಯಲಿಕ್ಕೆ ಇಡ್ಬೇಕು" ಎಂದು ಎದ್ದರು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡವರು ತಿರುಗಿ, "ಅದನ್ನು ಅಳಿಸ್ಬೇಡ" ಎಂದರು, ತೋಟದ ದಾರಿ ಹಿಡಿದರು.